ರೇಷನ್ ಕಾರ್ಡ್ ‘ರದ್ದು’ ಎಂದರೆ ಏನು? ಅನ್ನದ ಹಕ್ಕಿಗೆ ಕಾನೂನೇ ಒಡ್ಡುವ ತೊಡಕುಗಳು

ಬಿಪಿಎಲ್ ಕಾರ್ಡ್ ರದ್ದಾಯಿತು ಎಂಬ ಸುದ್ದಿ ಕರ್ನಾಟಕದಲ್ಲಿ ಮತ್ತೆ ಮತ್ತೆ ಏಳುತ್ತಿದೆ. 2024ರ ನವೆಂಬರ್‌ನಲ್ಲಿ ಬಹಳಷ್ಟು ಬಿಪಿಎಲ್ ಕಾರ್ಡುಗಳು ಎಪಿಎಲ್‌ಗೆ ಬದಲಾದವು. ಗದ್ದಲ ಎದ್ದ ಮೇಲೆ, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುತ್ತೇವೆ ಎಂದು ಸರಕಾರ ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 12 ಲಕ್ಷಕ್ಕೂ ಹೆಚ್ಚು ‘ಶಂಕಿತ’ ಕಾರ್ಡುಗಳ ಮಾತು ಬಂತು. ಇವೆರಡರ ನಡುವೆ, 2025ರ ಜುಲೈ 22ರಂದು, ಕೇಂದ್ರ ಸರಕಾರ ಪಡಿತರ ನಿಯಂತ್ರಣ ಆದೇಶಕ್ಕೆ ಒಂದು ತಿದ್ದುಪಡಿ ತಂದಿತು. ಆರು ತಿಂಗಳು ಪಡಿತರ ಒಯ್ಯದ ಕಾರ್ಡನ್ನು ತಾತ್ಕಾಲಿಕವಾಗಿ ನಿಷ್ಕ್ರಿಯ ಮಾಡಬೇಕು ಎಂದು ಅದು ಹೇಳುತ್ತದೆ.

ಓದುವವರಿಗೆ ಗೊಂದಲವಾಗುವುದು ಸಹಜ. ಕಾರ್ಡ್ ತೆಗೆಯುವುದು ರಾಜ್ಯವೋ ಕೇಂದ್ರವೋ? ಹಸಿವು ನೀಗಿಸಲೆಂದೇ 2013ರಲ್ಲಿ ಒಂದು ಕಾಯ್ದೆ ಬಂದಿರುವಾಗ, ಆ ಹಕ್ಕನ್ನು ಒಂದು ಆದೇಶ ನಿಲ್ಲಿಸಬಹುದೇ? ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಗೆ ಈ ಪ್ರಶ್ನೆ ಹೆಚ್ಚು ತಟ್ಟುತ್ತದೆ. ಮಳೆ ನಂಬಿದ ಎರಿ (ಕಪ್ಪು ಮಣ್ಣಿನ) ಭೂಮಿ, ಸುಗ್ಗಿ ಮುಗಿದ ಮೇಲೆ ಗುಳೆ, ಅಜ್ಜನ ಹೆಸರಿನಲ್ಲೇ ಉಳಿದ ಉತಾರ (ಪಹಣಿ), ಈ ಮೂರೂ ಇಲ್ಲಿ ಒಟ್ಟಿಗೇ ಇವೆ. ಪಡಿತರದ ನಿಯಮಗಳು ಎಡವುವುದೂ ಈ ಮೂರರ ಮೇಲೆಯೇ.

2030ರೊಳಗೆ ಬಡತನ ಮತ್ತು ಹಸಿವು ಇಲ್ಲವಾಗಬೇಕು ಎಂಬುದು ವಿಶ್ವಸಂಸ್ಥೆಯ ಸದಸ್ಯ ದೇಶಗಳು 2015ರಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೊದಲ ಎರಡು. ಭಾರತದ ಗೋದಾಮುಗಳಲ್ಲಿ ಅಕ್ಕಿಗೆ ಬರವಿಲ್ಲ. ಅಕ್ಕಿ ಮತ್ತು ತಟ್ಟೆಯ ನಡುವೆ ನಿಂತಿರುವುದು ಬಹುಮಟ್ಟಿಗೆ ಕಾಗದ. ಆ ಕಾಗದದಲ್ಲಿ ಏನಿದೆ ಎಂದು ನೋಡೋಣ.

ಒಂದೇ ಮಾತು, ಮೂರು ಬೇರೆ ಕ್ರಮಗಳು

‘ಕಾರ್ಡ್ ರದ್ದಾಯಿತು’ ಎಂದು ನ್ಯಾಯಬೆಲೆ ಅಂಗಡಿಯಲ್ಲಿ ಹೇಳುವ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿರಬಹುದು.

ಮೊದಲನೆಯದು ಅನರ್ಹತೆ. ಆದಾಯ, ಜಮೀನು, ವಾಹನ, ತೆರಿಗೆ ಮುಂತಾದ ಮಾನದಂಡ ಮೀರಿದ ಕುಟುಂಬವನ್ನು ಬಿಪಿಎಲ್‌ನಿಂದ ಎಪಿಎಲ್‌ಗೆ ಸರಿಸುವುದು. ಈ ಮಾನದಂಡ ರಾಜ್ಯದ್ದು. ಆದರೆ ಯಾರನ್ನು ಪರಿಶೀಲಿಸಬೇಕು ಎಂಬ ಪಟ್ಟಿ ಈಚೆಗೆ ಹೆಚ್ಚಾಗಿ ಕೇಂದ್ರದಿಂದ ಬರುತ್ತಿದೆ. ಆದಾಯ ತೆರಿಗೆ, ಜಿಎಸ್‌ಟಿ, ಕಂಪನಿ ನಿರ್ದೇಶಕರ ದಾಖಲೆಗಳನ್ನು ಆಧಾರ್ ಮೂಲಕ ಪಡಿತರ ಪಟ್ಟಿಯೊಂದಿಗೆ ಹೊಂದಿಸಿ ನೋಡಿದಾಗ ಸಿಕ್ಕ ಹೆಸರುಗಳು ಅವು.

ಎರಡನೆಯದು ನಿಷ್ಕ್ರಿಯತೆ. ಕುಟುಂಬ ಅರ್ಹವೇ ಇರಬಹುದು, ಆರು ತಿಂಗಳು ಪಡಿತರ ಎತ್ತಿಲ್ಲ ಅಷ್ಟೇ. 2025ರ ತಿದ್ದುಪಡಿ ಪ್ರಕಾರ ಇಂಥ ಕಾರ್ಡನ್ನು ಮೊದಲು ತಡೆಹಿಡಿದು, ಮೂರು ತಿಂಗಳೊಳಗೆ ಸ್ಥಳ ಪರಿಶೀಲನೆ ಮತ್ತು ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ನಡೆಸಿ, ಆಮೇಲೆ ತೀರ್ಮಾನಿಸಬೇಕು.

ಮೂರನೆಯದು ಸದಸ್ಯರ ಹೆಸರು ಬೀಳುವುದು. ಕಾರ್ಡ್ ಚಾಲ್ತಿಯಲ್ಲಿರುತ್ತದೆ, ಆದರೆ ಇ-ಕೆವೈಸಿ ಆಗದ ಒಬ್ಬಿಬ್ಬರ ಪಾಲು ನಿಂತಿರುತ್ತದೆ. ಆರು ಜನರ ಮನೆಗೆ 30 ಕಿಲೋ ಬರುವಲ್ಲಿ 20 ಕಿಲೋ ಬಂದರೆ ‘ಅಂಗಡಿಯವ ಕಡಿಮೆ ತೂಗಿದ’ ಎಂದು ಜಗಳವಾಗುತ್ತದೆ. ಎಷ್ಟೋ ಸಲ ತಪ್ಪು ತಕ್ಕಡಿಯದಲ್ಲ, ಪಟ್ಟಿಯದು.

ಪರಿಹಾರ ಕೇಳುವ ದಾರಿ ಮೂರಕ್ಕೂ ಬೇರೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು ಇದು ಈ ಮೂರರಲ್ಲಿ ಯಾವುದು ಎಂದು.

ಹಕ್ಕು ಒಂದು ಕಲಂನಲ್ಲಿ, ಮಿತಿ ಇನ್ನೊಂದರಲ್ಲಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 3ನೇ ಕಲಂ ಆದ್ಯತಾ ಕುಟುಂಬದ (ನಮ್ಮಲ್ಲಿ ಬಿಪಿಎಲ್ ಎನ್ನುವುದು ಇದನ್ನೇ) ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕು ಕೊಡುತ್ತದೆ. ಕಡುಬಡವರ ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಇದು ಉಚಿತ. ಭಾಷೆ ಗಟ್ಟಿಯಾಗಿದೆ, ‘ಹಕ್ಕು’ ಎಂದೇ ಬರೆದಿದೆ.

ಅದೇ ಕಾಯ್ದೆಯ 9ನೇ ಕಲಂಗೆ ಬಂದರೆ ಚಿತ್ರ ಬದಲಾಗುತ್ತದೆ. ಯಾವ ರಾಜ್ಯದಲ್ಲಿ ಎಷ್ಟು ಜನರಿಗೆ ಈ ಹಕ್ಕು ಎಂಬುದನ್ನು ಕೇಂದ್ರ ನಿಗದಿ ಮಾಡುತ್ತದೆ, ಅದಕ್ಕೆ ಆಧಾರ ಅಂಕಿ-ಅಂಶ ಪ್ರಕಟವಾಗಿರುವ ಜನಗಣತಿ. ಕರ್ನಾಟಕಕ್ಕೆ ಗ್ರಾಮೀಣ ಭಾಗದಲ್ಲಿ ಶೇ 76.04, ನಗರದಲ್ಲಿ ಶೇ 49.36 ಎಂದು ಗೊತ್ತುಮಾಡಿದರು. 2011ರ ಗಣತಿಯ 6.11 ಕೋಟಿ ಜನಸಂಖ್ಯೆಗೆ ಇದನ್ನು ಅನ್ವಯಿಸಿದಾಗ ಬಂದ ಸಂಖ್ಯೆ 4.0193 ಕೋಟಿ. ಆಗ ವಿಜಯಪುರ ಜಿಲ್ಲೆಯಲ್ಲಿ 21.77 ಲಕ್ಷ, ಬಾಗಲಕೋಟೆಯಲ್ಲಿ 18.90 ಲಕ್ಷ, ಬೆಳಗಾವಿಯಲ್ಲಿ 47.80 ಲಕ್ಷ ಜನ ಇದ್ದರು. ಆಮೇಲೆ ಹುಟ್ಟಿದ, ಮದುವೆಯಾಗಿ ಬೇರೆ ಮನೆ ಮಾಡಿದ, ಬಡತನಕ್ಕೆ ಜಾರಿದ ಯಾರೂ ಈ ಲೆಕ್ಕದಲ್ಲಿಲ್ಲ.

2021ರ ಜನಗಣತಿ ನಡೆಯಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನ ಎಂದು ಅಧಿಸೂಚನೆಯಾಗಿದೆ. ಕೋವಿಡ್ ಕಾಲದ ವಲಸೆ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಜೂನ್ 29ರಂದು, 9ನೇ ಕಲಂ ಅಡಿ ಈ ಸಂಖ್ಯೆಯನ್ನು ಮತ್ತೆ ನಿರ್ಧರಿಸಿ ಎಂದು ಕೇಂದ್ರಕ್ಕೆ ಹೇಳಿತು. 2024ರ ಮಾರ್ಚ್ 19ರಂದು, ಅಸಂಘಟಿತ ಕಾರ್ಮಿಕರ ಇ-ಶ್ರಮ್ ಜಾಲತಾಣದಲ್ಲಿ ನೋಂದಾಯಿಸಿಯೂ ಕಾರ್ಡ್ ಇಲ್ಲದ ಸುಮಾರು 8 ಕೋಟಿ ಜನರಿಗೆ, ಕಾಯ್ದೆಯ ಸಂಖ್ಯಾಮಿತಿ ನೋಡದೆ, ಕಾರ್ಡ್ ಕೊಡಿ ಎಂದಿತು. ಆದರೂ 2011ರ ಚೌಕಟ್ಟು ಕದಲಿಲ್ಲ.

ಪಟ್ಟಿಯಲ್ಲಿ ಒಬ್ಬರು ಸೇರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು ಎಂಬ ಸ್ಥಿತಿ ಹುಟ್ಟಿದ್ದು ಹೀಗೆ. ಕರ್ನಾಟಕ ತನ್ನ ಖರ್ಚಿನಲ್ಲಿ ಮಿತಿ ಮೀರಿದ ಕಾರ್ಡುಗಳನ್ನೂ ನಡೆಸಿಕೊಂಡು ಬಂದಿದೆ. ಖಜಾನೆ ಬಿಗಿಯಾದಾಗಲೆಲ್ಲ ಅದರ ಕಣ್ಣು ಮೊದಲು ಬೀಳುವುದೂ ಇವುಗಳ ಮೇಲೆಯೇ. ‘ಅನರ್ಹರನ್ನು ತೆಗೆಯಿರಿ’ ಎಂಬ ಒತ್ತಡಕ್ಕೆ ಭ್ರಷ್ಟರ ಮೇಲಿನ ಸಿಟ್ಟಿನಷ್ಟೇ ಈ ಗಣಿತವೂ ಕಾರಣ.

ಎಂಟು ಎಕರೆ ಎರಿ ಹೊಲ

ರಾಜ್ಯದ ಮಾನದಂಡಗಳಲ್ಲಿ ಎರಡು ಈ ಭಾಗಕ್ಕೆ ನೇರವಾಗಿ ತಾಗುತ್ತವೆ. ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು. ಜಮೀನು 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಭೂಮಿ ಮೀರಬಾರದು.

ಒಂದು ಲೆಕ್ಕ ಹಾಕೋಣ. ಸಿಂದಗಿ ಅಥವಾ ಇಂಡಿ ತಾಲ್ಲೂಕಿನಲ್ಲಿ ಮಳೆ ನಂಬಿದ ಎಂಟು ಎಕರೆ ಎರಿ ಹೊಲ, ಹಿಂಗಾರಿ ಬಿಳಿಜೋಳ. ಹದವಾದ ವರ್ಷದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಎಂದು ಹಿಡಿದರೆ ರಾಶಿ 32 ಕ್ವಿಂಟಲ್. 2025-26ಕ್ಕೆ ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಒಟ್ಟು 1,19,968. ಇದು ಹುಟ್ಟುವಳಿಯ ಬೆಲೆ. ಹರಗುವುದು, ಬಿತ್ತನೆ, ಎಡೆ ಹೊಡೆಯುವುದು, ಕೀಳುವುದು, ರಾಶಿ ಮಾಡಿಸುವುದು, ಚೀಲ, ಬಾಡಿಗೆ ಎಲ್ಲ ಇದರಲ್ಲೇ ಹೋಗಬೇಕು. ಮನೆಗೆ ತಿನ್ನಲು ಇಟ್ಟುಕೊಂಡ ಕಾಳು ಬೇರೆ. ಅಂದರೆ ಒಳ್ಳೆಯ ವರ್ಷದಲ್ಲೂ ಈ ಮನೆ ಆದಾಯದ ಮಿತಿಯ ಕೆಳಗೇ ಇದೆ, ಮಳೆ ಕೈಕೊಟ್ಟ ವರ್ಷದಲ್ಲಿ ಕೈಗೆ ಬರುವುದು ಕಣಕಿ ಮಾತ್ರ. ಆದರೆ ಜಮೀನಿನ ಮಿತಿ ಅರ್ಧ ಎಕರೆ ಮೀರಿದ್ದರಿಂದ ಮನೆ ಅನರ್ಹ.

ಈಗ ಅಥಣಿ ಅಥವಾ ಮುಧೋಳ ಕಡೆ ನಾಲ್ಕು ಎಕರೆ ಕಬ್ಬು ತೆಗೆದುಕೊಳ್ಳಿ. ಎಕರೆಗೆ 35 ಟನ್, ಟನ್‌ಗೆ 3,000 ರೂಪಾಯಿ ಎಂದರೂ ಹುಟ್ಟುವಳಿ 4.2 ಲಕ್ಷ. ‘ಸಮನಾದ ನೀರಾವರಿ ಭೂಮಿ’ ಎಂಬ ಮಾತು ಇಂಥ ಅಂತರ ಸರಿಪಡಿಸಲೆಂದೇ ಇದೆ. ತೊಡಕಾಗುವುದು ದಾಖಲೆಯಲ್ಲಿ. ಕೊಳವೆಬಾವಿ ಕೊರೆಸಿ ಹತ್ತು ವರ್ಷ ಕಬ್ಬು ಬೆಳೆದರೂ ಉತಾರದಲ್ಲಿ ಭೂಮಿ ‘ಖುಷ್ಕಿ’ (ಒಣಭೂಮಿ) ಎಂದೇ ಉಳಿದಿರುತ್ತದೆ. ಗಣಕಯಂತ್ರ ಎಕರೆ ಎಣಿಸುತ್ತದೆ, ಅದರಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ಕಾಣುವುದಿಲ್ಲ. ಹೀಗಾಗಿ ಒಂದೇ ಮಾನದಂಡ ಎರಡೂ ಕಡೆ ತಪ್ಪುತ್ತದೆ.

ಇನ್ನು ವಾರಸಾ. ತಂದೆ ಅಥವಾ ಅಜ್ಜನ ಹೆಸರಿನಲ್ಲಿ ಹತ್ತು ಎಕರೆ, ಉಣ್ಣುವ ಅಣ್ಣತಮ್ಮಂದಿರು ನಾಲ್ವರು. ಬಾಯಿಮಾತಿನಲ್ಲಿ ಪಾಲಾಗಿ ವರ್ಷಗಳೇ ಕಳೆದಿವೆ, ಪೋಡಿಯಾಗಿಲ್ಲ (ಅಳತೆ ಮಾಡಿ ಪಾಲು ಬೇರ್ಪಡಿಸಿಲ್ಲ), ವಾರಸಾ (ವಾರಸುದಾರರ ಹೆಸರು) ಏರಿಲ್ಲ. ಪಹಣಿಗೆ ಆಧಾರ್ ಜೋಡಿಸಿದಾಗ ತಂದೆಯ ಆಧಾರ್ ಯಾವ ಮಗನ ಕಾರ್ಡಿನಲ್ಲಿದೆಯೋ ಆ ಮಗನ ತಲೆಗೆ ಹತ್ತೂ ಎಕರೆ ಬರುತ್ತದೆ. ಅಪ್ಪನನ್ನು ಸಾಕುತ್ತಿರುವವನಿಗೆ ಕಾರ್ಡ್ ಹೋಗುತ್ತದೆ, ಉಳಿದ ಮೂವರಿಗೆ ಉಳಿಯುತ್ತದೆ. ಇದನ್ನು ಸರಿಪಡಿಸಲು ಬೇಕಾದದ್ದು ಆಹಾರ ಇಲಾಖೆಯ ಅರ್ಜಿಯಲ್ಲ, ಕಂದಾಯ ದಾಖಲೆಯ ತಿದ್ದುಪಡಿ: ಖಾತೆದಾರ ಬದುಕಿದ್ದರೆ ಪಾಲಿನ ವಿಭಾಗ ಮತ್ತು ಪೋಡಿ, ತೀರಿಕೊಂಡಿದ್ದರೆ ಪೌತಿ ಖಾತೆ.

ಆದಾಯದ ಮಿತಿಯೂ ಹಳೆಯದಾಗಿದೆ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಗಂಡ-ಹೆಂಡತಿ ಇಬ್ಬರೂ ಆ ದರದಲ್ಲಿ ವರ್ಷಕ್ಕೆ 163 ದಿನ ದುಡಿದರೆ 1.20 ಲಕ್ಷ ದಾಟುತ್ತಾರೆ. ಸರಕಾರವೇ ನಿಗದಿ ಮಾಡಿದ ಕೂಲಿಯನ್ನು ವರ್ಷದಲ್ಲಿ ಐದೂವರೆ ತಿಂಗಳು ಪಡೆದ ಕುಟುಂಬ, ಸರಕಾರದ್ದೇ ಇನ್ನೊಂದು ನಿಯಮದಲ್ಲಿ ಬಡವರ ಪಟ್ಟಿಯಿಂದ ಹೊರಗೆ. ಇಂಥ ನಿಯಮ ಇದ್ದಾಗ ಆದಾಯ ಪ್ರಮಾಣಪತ್ರದಲ್ಲಿ ನಿಜ ಬರೆಸುವವರು ಯಾರು?

ತೆರಿಗೆ ವಿಷಯದಲ್ಲೂ ಹೀಗೆಯೇ. ಟಂಟಂ ಅಥವಾ ಟ್ರ್ಯಾಕ್ಟರ್ ಸಾಲಕ್ಕೆಂದು ರಿಟರ್ನ್ ಸಲ್ಲಿಸಿ, ಒಂದು ರೂಪಾಯಿಯನ್ನೂ ತೆರಿಗೆ ಕಟ್ಟದವರು ಬಹಳ ಜನ. ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ದತ್ತಾಂಶ ಹೊಂದಿಸುವಾಗ ಈ ಗೆರೆ ಮಸುಕಾದರೆ ಡ್ರೈವರ್ ಕೂಡ ಸಾಹುಕಾರನಾಗುತ್ತಾನೆ.

ಆರು ತಿಂಗಳ ನಿಯಮ ಮತ್ತು ಕಬ್ಬಿನ ಹಂಗಾಮು

ವಿಜಯಪುರ ಜಿಲ್ಲೆಯ ತಾಂಡಾಗಳಿಂದ, ಬಾಗಲಕೋಟೆಯ ಬಾದಾಮಿ, ಹುನಗುಂದ ಕಡೆಯಿಂದ ಕುಟುಂಬಗಳು ಗುಳೆ ಹೋಗುವುದು ಹೊಸದಲ್ಲ. ಕೆಲವರು ಗೋವಾ, ಬೆಂಗಳೂರು, ಮುಂಬೈ ಕಟ್ಟಡ ಕೆಲಸಕ್ಕೆ. ಕೆಲವರು ಕಬ್ಬಿನ ಗ್ಯಾಂಗ್ ಕಟ್ಟಿಕೊಂಡು ಸಾಂಗಲಿ, ಕೊಲ್ಹಾಪುರ ಅಥವಾ ಬೆಳಗಾವಿಯ ಕಾರ್ಖಾನೆಗಳ ಕಡೆಗೆ. ಗ್ಯಾಂಗಿನಲ್ಲಿ ಗಂಡ-ಹೆಂಡತಿ ಜೋಡಿಯೇ ಒಂದು ಲೆಕ್ಕ. ಮುಕಾದಮನಿಂದ (ಗ್ಯಾಂಗ್ ಕಟ್ಟುವ ಮೇಸ್ತ್ರಿ) ಮುಂಗಡ ಎತ್ತಿದ ಮೇಲೆ ಹಂಗಾಮು ಮುಗಿಯುವವರೆಗೆ ಮರಳುವ ಹಾಗಿಲ್ಲ.

ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ನಿಂದ ಮಾರ್ಚ್‌ವರೆಗೆ, ಕಬ್ಬು ಹೆಚ್ಚಿದ್ದರೆ ಏಪ್ರಿಲ್‌ವರೆಗೂ. ಅಕ್ಟೋಬರ್ ಪಡಿತರ ಎತ್ತಿಕೊಂಡು ಹೊರಟ ಕುಟುಂಬಕ್ಕೆ ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ, ಮಾರ್ಚ್ ಐದು ತಿಂಗಳು ತಪ್ಪುತ್ತವೆ. ಏಪ್ರಿಲ್‌ನಲ್ಲಿ ಊರಿಗೆ ಬಂದು ಹೆಬ್ಬೆಟ್ಟು ಒತ್ತಿದರೆ ಕಾರ್ಡ್ ಉಳಿಯಿತು. ಕಾರ್ಖಾನೆ ಏಪ್ರಿಲ್ ಮಧ್ಯದವರೆಗೆ ಓಡಿ, ಮುಕಾದಮನ ಲೆಕ್ಕ ಚುಕ್ತಾ ಆಗಿ, ಮನೆ ಸೇರುವಷ್ಟರಲ್ಲಿ ಆ ತಿಂಗಳ ವಿತರಣೆ ಮುಗಿದಿದ್ದರೆ ಆರು ತಿಂಗಳಾಯಿತು. ಕಬ್ಬಿನ ಇಳುವರಿ ಚೆನ್ನಾಗಿ ಬಂದ ವರ್ಷವೇ ಕಡಿಯುವವನ ಕಾರ್ಡಿಗೆ ಅಪಾಯ.

ಅಜ್ಜ-ಅಜ್ಜಿ ಊರಲ್ಲಿ ಉಳಿದು ಪಡಿತರ ಎತ್ತುತ್ತಿದ್ದರೆ ಕಾರ್ಡ್ ಸುಪ್ತವಾಗುವುದಿಲ್ಲ. ಹಾಗಾಗಿ ಈ ನಿಯಮದ ಪೆಟ್ಟು ಮನೆಗೆ ಕೀಲಿ ಹಾಕಿ ಮಕ್ಕಳು-ಮರಿ ಸಮೇತ ಹೋಗುವವರಿಗೇ ಬೀಳುತ್ತದೆ. ಊರಲ್ಲಿ ಹೊಲವೂ ಇಲ್ಲದ, ಹಿರಿಯರೂ ಇಲ್ಲದ ಮನೆಗಳು ಅವು. ನಿಷ್ಕ್ರಿಯವಾದ ಮೇಲೆ ನಡೆಯಬೇಕಾದ ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದಾಗಲೂ ಮನೆಗೆ ಕೀಲಿಯೇ ಇದ್ದರೆ ‘ಕುಟುಂಬ ವಾಸವಿಲ್ಲ’ ಎಂಬ ಷರಾ ಬೀಳುವುದು ಸುಲಭ.

ಸುಪ್ತ ಕಾರ್ಡುಗಳೆಲ್ಲ ಬೋಗಸ್ ಎಂಬ ಊಹೆಗೆ ಇನ್ನೊಂದು ಅಡ್ಡಿಯೂ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಎಂದರೆ ಅಕ್ಕಿಯಷ್ಟೇ ಅಲ್ಲ, ಆಸ್ಪತ್ರೆಯೂ ಹೌದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ. ಜೋಳದ ರೊಟ್ಟಿ ಉಣ್ಣುವ ಮನೆ ಅಕ್ಕಿ ಒಯ್ಯದೆ, ಹೃದಯದ ಕಾಯಿಲೆಗೆ, ಡಯಾಲಿಸಿಸ್‌ಗೆ ಇರಲಿ ಎಂದು ಕಾರ್ಡ್ ಇಟ್ಟುಕೊಂಡಿರಬಹುದು. ಅಕ್ಕಿ ಒಯ್ಯದ್ದಕ್ಕೆ ಕಾರ್ಡ್ ನಿಂತರೆ ಪೆಟ್ಟು ಬೀಳುವುದು ಔಷಧಕ್ಕೆ. ಹಲವು ಸೌಲಭ್ಯಗಳನ್ನು ಒಂದೇ ಕಾರ್ಡಿಗೆ ಕಟ್ಟಿದ್ದರ ಫಲ ಇದು, ಮತ್ತು ಇದಕ್ಕೆ ಹೊಣೆ ಕೇಂದ್ರವಲ್ಲ, ರಾಜ್ಯ.

‘ಒಂದು ದೇಶ, ಒಂದು ಕಾರ್ಡ್’ ಇದೆಯಲ್ಲ?

ಇದೆ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ 2020ರ ಆರಂಭದಿಂದಲೇ ಆ ವ್ಯವಸ್ಥೆಯಲ್ಲಿವೆ. ಸಾಂಗಲಿಯ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಆಧಾರ್ ಅಥವಾ ಕಾರ್ಡ್ ಸಂಖ್ಯೆ ಹೇಳಿ ಬೆರಳು ಒತ್ತಿದರೆ ಧಾನ್ಯ ಸಿಗಬೇಕು, ಆ ಒಂದು ವಹಿವಾಟು ಊರಿನ ಕಾರ್ಡನ್ನು ಜೀವಂತವಾಗಿಯೂ ಇಡುತ್ತದೆ. ಗುಳೆ ಹೋಗುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಇದು.

ಕೆಲಸ ಕೆಡುವುದು ಮೂರು ಕಡೆ. ಗ್ಯಾಂಗಿನ ಗುಡಿಸಲು ಕಬ್ಬಿನ ಹೊಲದಿಂದ ಹೊಲಕ್ಕೆ ಸರಿಯುತ್ತಿರುತ್ತದೆ, ಅಂಗಡಿ ತೆರೆದಿರುವ ಹೊತ್ತಿಗೆ ಕಡಿತ ಅಥವಾ ಗಾಡಿ ತುಂಬುವ ಕೆಲಸ ನಡೆದಿರುತ್ತದೆ. ಅಂಗಡಿಗೆ ಬಂದ ದಾಸ್ತಾನು ಸ್ಥಳೀಯ ಕಾರ್ಡುಗಳ ಲೆಕ್ಕದ್ದು ಎಂದು ಹೊರಗಿನವರನ್ನು ಕೊನೆಗೆ ಬರಹೇಳುವುದುಂಟು. ಮೂರನೆಯದು ಬೆರಳು. ಕಬ್ಬಿನ ಗರಿಯ ಅಂಚು, ಸುಟ್ಟ ಕಬ್ಬಿನ ಮಸಿ, ಕೊಯ್ತಾದ (ಕಬ್ಬು ಕಡಿಯುವ ಕತ್ತಿ) ಹಿಡಿ ಸೇರಿ ಬೆರಳಿನ ಗೆರೆ ಸವೆಸುತ್ತವೆ, ಯಂತ್ರ ಅದನ್ನು ಗುರುತಿಸುವುದಿಲ್ಲ. ಮೊಬೈಲ್ ಓಟಿಪಿ ಪರ್ಯಾಯವೇನೋ ಹೌದು, ಆದರೆ ಆಧಾರ್‌ಗೆ ಜೋಡಿಸಿದ ನಂಬರ್ ನಾಲ್ಕು ಸಿಮ್‌ಗಳ ಹಿಂದಿನದು.

ಹೊರ ರಾಜ್ಯದಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದಲ್ಲಿ ಕರ್ನಾಟಕ ತಾನಾಗಿ ಸೇರಿಸುವ ಹೆಚ್ಚುವರಿ ಸೌಲಭ್ಯ ಗಡಿ ದಾಟುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೃತ್ತಿ ಸುರಕ್ಷತೆಯ ಕಾರ್ಮಿಕ ಸಂಹಿತೆಯಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರು ಸ್ವಂತ ರಾಜ್ಯದಲ್ಲೋ ದುಡಿಯುವ ರಾಜ್ಯದಲ್ಲೋ ಪಡಿತರ ಪಡೆಯುವ ಆಯ್ಕೆಗೆ ಸರಕಾರಗಳು ಯೋಜನೆ ರೂಪಿಸಬೇಕೆಂದಿದೆ. ಆದರೆ ಆ ಅಧ್ಯಾಯ ಅನ್ವಯವಾಗುವುದು ಹತ್ತು ಅಥವಾ ಹೆಚ್ಚು ವಲಸೆ ಕಾರ್ಮಿಕರಿರುವ ಸಂಸ್ಥೆಗೆ. ಕಾರ್ಖಾನೆ ‘ಇವರು ಸಾಗಣೆದಾರನ ಜನ’ ಎನ್ನುತ್ತದೆ, ಸಾಗಣೆದಾರ ಮುಕಾದಮನತ್ತ ತೋರಿಸುತ್ತಾನೆ, ಮುಕಾದಮನ ಬಳಿ ಇರುವುದು ಮುಂಗಡದ ವಹಿ ಮಾತ್ರ.

ಎರಡು ಕಡೆಯ ವಾದ

ಕೇಂದ್ರದ ವಾದವನ್ನು ತಳ್ಳಿಹಾಕುವಂತಿಲ್ಲ. ಪಟ್ಟಿಯಲ್ಲಿ ಸತ್ತವರು, ಎರಡು ಕಡೆ ಹೆಸರಿರುವವರು, ಕಂಪನಿ ನಿರ್ದೇಶಕರು ಇದ್ದದ್ದು ನಿಜ. ಒಟ್ಟು ಸಂಖ್ಯೆಗೆ ಮಿತಿ ಇರುವಾಗ ಅವರು ಹೋಗದೆ ಹೊಸಬರು ಬರುವಂತಿಲ್ಲ. 2025ರ ತಿದ್ದುಪಡಿಯಲ್ಲಿ ಅರ್ಜಿದಾರರ ಕಾಯುವ ಪಟ್ಟಿಯನ್ನು ಬಹಿರಂಗಪಡಿಸಿ, ಮೊದಲು ಬಂದವರಿಗೆ ಮೊದಲು ಕೊಡಬೇಕೆಂಬ ಅಂಶವೂ ಇದೆ. ಐದು ವರ್ಷಕ್ಕೊಮ್ಮೆ ಇ-ಕೆವೈಸಿ ಎಂಬುದೂ ತನ್ನಷ್ಟಕ್ಕೆ ಅನ್ಯಾಯವಲ್ಲ.

ರಾಜ್ಯದ ನಿಲುವು ಒಂದೇ ಕಡೆ ನಿಂತಿಲ್ಲ. ಹೆಸರು ಕೊಟ್ಟದ್ದು ಕೇಂದ್ರ ಎನ್ನುತ್ತದೆ, ಅನರ್ಹರನ್ನು ತೆಗೆಯುತ್ತೇವೆ ಎಂದೂ ಅನ್ನುತ್ತದೆ, ಪ್ರತಿಭಟನೆ ಎದ್ದರೆ ವಾಪಸ್ ಕೊಡುತ್ತದೆ. 10ನೇ ಕಲಂ ಪ್ರಕಾರ ಅರ್ಹ ಕುಟುಂಬಗಳನ್ನು ಗುರುತಿಸುವ ಹೊಣೆ ಮತ್ತು ಮಾರ್ಗಸೂಚಿ ಎರಡೂ ರಾಜ್ಯದವು. ಒಣಭೂಮಿಯ ಜಿಲ್ಲೆಗಳಿಗೆ ಬೇರೆ ಜಮೀನು ಮಿತಿ ಇಡಲು, ಆದಾಯದ ಮಿತಿ ಏರಿಸಲು ದೆಹಲಿಯ ಒಪ್ಪಿಗೆ ಬೇಕಾಗಿಲ್ಲ. ಹೆಚ್ಚಾದ ಅಕ್ಕಿಯ ಬಿಲ್ಲು ಬೆಂಗಳೂರೇ ಕಟ್ಟಬೇಕು, ಹಿಂಜರಿಕೆ ಅಲ್ಲಿದೆ.

ಆಹಾರ ಹಕ್ಕಿನ ಪರ ವಾದಿಸುವವರು ಮೂಲಕ್ಕೇ ಕೈಹಾಕುತ್ತಾರೆ. ಪಡಿತರ ನಿಯಂತ್ರಣ ಆದೇಶ ಹೊರಟಿರುವುದು 1955ರ ಅಗತ್ಯ ವಸ್ತುಗಳ ಕಾಯ್ದೆ ಅಡಿಯಲ್ಲಿ. ಅದು ಕಾಳಸಂತೆ, ಅಕ್ರಮ ದಾಸ್ತಾನು ತಡೆಯಲು ಬಂದ ಕಾಯ್ದೆ. ಸಂಸತ್ತು ಇನ್ನೊಂದು ಕಾಯ್ದೆಯಲ್ಲಿ ಕೊಟ್ಟ ಹಕ್ಕನ್ನು, ಅದರಲ್ಲಿಲ್ಲದ ‘ಆರು ತಿಂಗಳು’ ಎಂಬ ಷರತ್ತು ಸೇರಿಸಿ, ಆದೇಶವೊಂದು ತಡೆಹಿಡಿಯಬಹುದೇ? ನೋಟಿಸ್ ಕೊಟ್ಟು, ಕೇಳಿ, ಆಮೇಲೆ ತೆಗೆಯುವುದು ಸಹಜ ನ್ಯಾಯ. ಇಲ್ಲಿ ಮೊದಲು ನಿಲ್ಲಿಸಿ ಆಮೇಲೆ ಪರಿಶೀಲನೆ. ಈ ಲೇಖನದ ನಿಲುವೂ ಇದಕ್ಕೇ ಹತ್ತಿರ. ತಪ್ಪಾಗಿ ಒಳಗಿರುವವನಿಂದ ಖಜಾನೆಗೆ ತಿಂಗಳಿಗೆ ಐದು ಕಿಲೋ ನಷ್ಟ, ತಪ್ಪಾಗಿ ಹೊರಹೋದವನಿಗೆ ಆ ತಿಂಗಳ ಊಟವೇ ನಷ್ಟ. ಎರಡೂ ತಪ್ಪುಗಳ ತೂಕ ಒಂದೇ ಅಲ್ಲ. ತಮಿಳುನಾಡು ಎಲ್ಲರಿಗೂ ಪಡಿತರ ಎಂಬ ದಾರಿ ಹಿಡಿದು ಈ ಜಗಳದಿಂದ ಬಹುಮಟ್ಟಿಗೆ ಪಾರಾಗಿದೆ, ಆದರೆ ಅದರ ಖರ್ಚನ್ನು ತಾನೇ ಹೊರುತ್ತಿದೆ.

ಗಟ್ಟಿ ಹಕ್ಕು ಅಕ್ಕಿಗೆ, ಮೆದು ಮಾತು ಜೋಳಕ್ಕೆ

ಆಹಾರ ಭದ್ರತಾ ಕಾಯ್ದೆಯ 3ನೇ ಅನುಸೂಚಿಯನ್ನು ಓದುವವರು ಕಡಿಮೆ. ಕೃಷಿಗೆ ಚೈತನ್ಯ, ಸಣ್ಣ ರೈತರ ಹಿತ, ಒರಟು ಧಾನ್ಯಗಳೂ ಸೇರಿದ ವಿಕೇಂದ್ರಿತ ಖರೀದಿ ಎಲ್ಲ ಅಲ್ಲಿವೆ. ಹಸಿವನ್ನು ಬೇರಿನಿಂದ ಕೀಳುವ ಭಾಗ ಅದು. ಆದರೆ 31ನೇ ಕಲಂ ಪ್ರಕಾರ ಸರಕಾರಗಳು ಇವನ್ನು ಹಂತಹಂತವಾಗಿ ಸಾಧಿಸಲು ‘ಪ್ರಯತ್ನಿಸಬೇಕು’. ಪ್ರಯತ್ನ ಸಾಲದು ಎಂದು ಕೋರ್ಟಿನಲ್ಲಿ ಸಾಧಿಸುವುದು ಕಷ್ಟ.

ಇದರ ಫಲ ಜೋಳದಲ್ಲಿ ಕಾಣುತ್ತದೆ. ಈ ಭಾಗದ ಊಟ ರೊಟ್ಟಿ. ಉತ್ತರದ ಜಿಲ್ಲೆಗಳ ಪಡಿತರದಲ್ಲಿ ಅಕ್ಕಿಯ ಒಂದು ಪಾಲಿನ ಬದಲು ಜೋಳ ಕೊಡುವ ಪ್ರಯತ್ನ ನಡೆದಿದೆ. ನಿಯಮದಂತೆ ಖರೀದಿ ಯೋಜನೆಗೆ ಕೇಂದ್ರದ ಪೂರ್ವಾನುಮತಿ ಬೇಕು, ಖರೀದಿಸಿದ್ದನ್ನು ಅವಧಿಯೊಳಗೆ ಹಂಚಬೇಕು. ಈ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಜೋಳಕ್ಕೆ 9, ರಾಗಿಗೆ 10 ತಿಂಗಳಿಗೆ ಏರಿಸಿದರು. ದೊಡ್ಡ ಸುಧಾರಣೆಯೇ. ಆದರೂ ಮಾರುಕಟ್ಟೆಯಲ್ಲಿ ಒಳ್ಳೆಯ ಬಿಳಿಜೋಳಕ್ಕೆ ಬೆಂಬಲ ಬೆಲೆಗಿಂತ ಹೆಚ್ಚು ಸಿಗುವ ವರ್ಷ ಖರೀದಿ ಕೇಂದ್ರಕ್ಕೆ ಚೀಲ ಬರುವುದಿಲ್ಲ. ಬೆಲೆ ಬಿದ್ದ ವರ್ಷ ಕೇಂದ್ರ ತೆರೆಯುವಷ್ಟರಲ್ಲಿ ಸಾಲವಿದ್ದ ರೈತ ಮಾರಿಬಿಟ್ಟಿರುತ್ತಾನೆ.

ನೀರಿನ ಕಥೆ ಇದಕ್ಕಿಂತ ಉದ್ದ. ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರ ಡಿಸೆಂಬರ್ 30ರಂದು ತೀರ್ಪು, 2013ರ ನವೆಂಬರ್ 29ರಂದು ಅದರ ಮುಂದುವರಿದ ವರದಿ ಕೊಟ್ಟಿತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಲು ದಾರಿ ಆಗಿದ್ದು ಹೀಗೆ. ಆದರೆ ಅಂತರರಾಜ್ಯ ಜಲವಿವಾದ ಕಾಯ್ದೆಯಂತೆ ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗದೆ ತೀರ್ಪಿಗೆ ಬಲವಿಲ್ಲ, ಪ್ರಕಟಣೆ ಸುಪ್ರೀಂ ಕೋರ್ಟಿನ ವ್ಯಾಜ್ಯದಲ್ಲಿ ಸಿಕ್ಕಿಕೊಂಡಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಿಂದ 5.94 ಲಕ್ಷ ಹೆಕ್ಟೇರ್‌ಗೆ ನೀರು ಎಂಬುದು ಯೋಜನೆ. ಮೇಲೆ ಲೆಕ್ಕ ಹಾಕಿದಂಥ ಎಂಟು ಎಕರೆಯ ಮನೆಗಳು ಆ ನೀರಿಗೆ ಕಾಯುವವರಲ್ಲಿವೆ. ಕಾಯುವಷ್ಟು ವರ್ಷವೂ ಅವು ಪಡಿತರವನ್ನೇ ನೆಚ್ಚಬೇಕು.

ಮುಂದೆ ಏನಾಗಬಹುದು

ಹತ್ತಿರದ ಪರಿಣಾಮ: ಸುಗ್ಗಿ ಮತ್ತು ಕಬ್ಬಿನ ಹಂಗಾಮು ಮುಗಿಯುವ ಏಪ್ರಿಲ್–ಮೇ ತಿಂಗಳಲ್ಲಿ ತಹಶೀಲ್ದಾರ್ ಕಚೇರಿಗಳ ಮುಂದೆ ಪಾಳಿ ಬೆಳೆಯುತ್ತದೆ. ಮುಂಗಾರಿಗೆ ಬೀಜ-ಗೊಬ್ಬರಕ್ಕೆ ಓಡಾಡುವ ಹೊತ್ತೂ ಅದೇ.

ದೂರದ ಪರಿಣಾಮ ಜನಗಣತಿಯದು. 2027ರ ಗಣತಿಯಲ್ಲಿ ಜನರ ಎಣಿಕೆ ಫೆಬ್ರವರಿಯಲ್ಲಿ. ಎಣಿಕೆಯ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಇದ್ದಲ್ಲೇ ಎಣಿಸುವುದು ಗಣತಿಯ ಪದ್ಧತಿ. ಆಗ ಕಬ್ಬಿನ ಗ್ಯಾಂಗುಗಳು ಸಾಂಗಲಿ, ಕೊಲ್ಹಾಪುರದ ಗುಡಿಸಲುಗಳಲ್ಲಿರುತ್ತವೆ. ಬೆಳಗಾವಿಗೆ ಹೋದವರು ಹೇಗೂ ಕರ್ನಾಟಕದ ಲೆಕ್ಕದಲ್ಲೇ ಸೇರುತ್ತಾರೆ. ಗಡಿ ದಾಟಿದವರು ಮಹಾರಾಷ್ಟ್ರದ ಲೆಕ್ಕಕ್ಕೆ ಹೋಗುತ್ತಾರೆ, ಅವರ ಕಾರ್ಡ್ ಕರ್ನಾಟಕದಲ್ಲಿ ಉಳಿಯುತ್ತದೆ. ಹೊಸ ಸಂಖ್ಯೆಯ ಮೇಲೆ 9ನೇ ಕಲಂ ಲೆಕ್ಕ ಬದಲಾದಾಗ ಈ ಅಂತರವನ್ನು ಯಾರು ತುಂಬಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಕಾರ್ಡ್ ನಿಂತರೆ ಮಾಡಬೇಕಾದದ್ದು

ಆಹಾರ ಇಲಾಖೆಯ ಜಾಲತಾಣದಲ್ಲಿ ಅಥವಾ 1967ಕ್ಕೆ ಕರೆ ಮಾಡಿ ಸ್ಥಿತಿ ತಿಳಿಯಿರಿ: ಅನರ್ಹವೋ, ನಿಷ್ಕ್ರಿಯವೋ, ಸದಸ್ಯರ ಇ-ಕೆವೈಸಿ ಬಾಕಿಯೋ. ಇ-ಕೆವೈಸಿ ಬಾಕಿ ಇದ್ದರೆ ಆಧಾರ್ ತೆಗೆದುಕೊಂಡು ನ್ಯಾಯಬೆಲೆ ಅಂಗಡಿಗೆ ಹೋಗಬೇಕು. ಬೆರಳು ಹತ್ತದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಬೆರಳಚ್ಚು ನವೀಕರಿಸಿ, ಮೊಬೈಲ್ ನಂಬರ್ ಬದಲಿಸಬೇಕು. ಬೆರಳು ಹತ್ತದ ಒಂದೇ ಕಾರಣಕ್ಕೆ ಧಾನ್ಯ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್ 24ರಂದೇ ರಾಜ್ಯಗಳಿಗೆ ಬರೆದಿದೆ.

ನಿಷ್ಕ್ರಿಯವಾಗಿದ್ದರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಡಿ. ಗುಳೆ ಹೋದದ್ದಕ್ಕೆ ಗ್ರಾಮ ಪಂಚಾಯಿತಿಯ ಪತ್ರ, ಮಕ್ಕಳ ಶಾಲೆಯ ಹಾಜರಾತಿ, ಇ-ಶ್ರಮ್ ಚೀಟಿ, ಇವುಗಳಲ್ಲಿ ಸಿಕ್ಕದ್ದನ್ನು ಲಗತ್ತಿಸಿ. ಅನರ್ಹ ಎಂದಿದ್ದರೆ ಯಾವ ಮಾನದಂಡದ ಮೇಲೆ ಎಂದು ಲಿಖಿತವಾಗಿ ಕೇಳಿ. ಜಮೀನು ಕಾರಣವಾದರೆ ಉತಾರದ ಜೊತೆಗೆ ವಂಶವೃಕ್ಷ ಮತ್ತು ವಾರಸಾ ಅಥವಾ ವಿಭಾಗದ ಅರ್ಜಿಯ ಸ್ವೀಕೃತಿ, ತೆರಿಗೆ ಕಾರಣವಾದರೆ ತೆರಿಗೆ ಮೊತ್ತ ಸೊನ್ನೆ ಎಂದು ತೋರಿಸುವ ರಿಟರ್ನ್ ಪ್ರತಿ ಬೇಕು. ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಳ್ಳದೆ ಕಚೇರಿ ಬಿಡಬೇಡಿ, ಮುಂದಿನ ಹಂತ ನಿಲ್ಲುವುದು ಆ ಮುದ್ರೆಯ ಮೇಲೆ.

ಆ ಹಂತವೆಂದರೆ 15ನೇ ಕಲಂ ಪ್ರಕಾರದ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅಲ್ಲೂ ಆಗದಿದ್ದರೆ 16ನೇ ಕಲಂ ಪ್ರಕಾರದ ರಾಜ್ಯ ಆಹಾರ ಆಯೋಗ. ಜಿಲ್ಲೆಯ ಆ ನಿವಾರಣಾಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ಸರಕಾರಿ ನೌಕರನಿಗೆ ಆಯೋಗ 33ನೇ ಕಲಂ ಅಡಿ 5,000 ರೂಪಾಯಿವರೆಗೆ ದಂಡ ಹಾಕಬಹುದು. ಅರ್ಹನಿಗೆ ಧಾನ್ಯ ಪೂರೈಸದಿದ್ದರೆ 8ನೇ ಕಲಂ ಪ್ರಕಾರ ಆಹಾರ ಭದ್ರತಾ ಭತ್ಯೆ ಕೇಳುವ ಹಕ್ಕೂ ಇದೆ. ಅರ್ಜಿಯಲ್ಲಿ ಆ ಕಲಂ ಸಂಖ್ಯೆಯನ್ನು, ಎಷ್ಟು ತಿಂಗಳ ಎಷ್ಟು ಕಿಲೋ ಬಾಕಿ ಎಂಬ ಲೆಕ್ಕದ ಜೊತೆಗೇ ಬರೆಯಬೇಕು.